ಡೇಟಾಸೆಟ್ ಸಿಗದೆ ನಿಂತ ಜಾಬ್: ಅನುಭವ ಇದ್ದವರು ಹೇಳಿ

ವಿರಾಜಪೇಟೆಯಿಂದ:
ಮನೆಯಿಂದಲೇ ಮೇನ್‌ಫ್ರೇಮ್ (ಕಂಪನಿಯ ದೊಡ್ಡ ಕಂಪ್ಯೂಟರ್) ಕೆಲಸ ಮಾಡುತ್ತೇನೆ. ಜೋರು ಮಳೆಗೆ ಕರೆಂಟ್ ಹೋಗಿ ಸೆಷನ್ ಕಟ್ ಆಯಿತು. ಈಗ ಒಂದು ಜಾಬ್ (ಅಲ್ಲಿ ಓಡಲು ಕೊಟ್ಟ ಕೆಲಸ) ‘ವೇಟಿಂಗ್ ಫಾರ್ ಡೇಟಾಸೆಟ್ಸ್’ ಅಂತ, ಅಂದರೆ ಫೈಲಿಗಾಗಿ ಕಾಯುತ್ತಾ, ನಿಂತಿದೆ. ಇನ್ನೊಂದು ಡಿ37 ಎರರ್ ಕೊಟ್ಟು ಬಿತ್ತು. ಸ್ಪೇಸ್ ಜಾಸ್ತಿ ಕೊಟ್ಟರೆ ಎರಡೂ ಸರಿಯಾಗುತ್ತಾ?

ಮಡಿಕೇರಿಯಿಂದ:
ಮೊದಲನೆಯದಕ್ಕೂ ಸ್ಪೇಸಿಗೂ ಸಂಬಂಧವೇ ಇಲ್ಲ. ನಮ್ಮ ಕಡೆ ಲೈನ್ ಹೋದರೂ ಅಲ್ಲಿ ನಿಮ್ಮ ಟಿಎಸ್‌ಒ (ಲಾಗಾನ್ ಆಗಿ ನೇರವಾಗಿ ಕೆಲಸ ಮಾಡುವ ವ್ಯವಸ್ಥೆ) ಸೆಷನ್ ಸ್ವಲ್ಪ ಹೊತ್ತು ಹಾಗೇ ಉಳಿದಿರುತ್ತದೆ. ಎಡಿಟ್‌ನಲ್ಲಿ ತೆರೆದಿದ್ದ ಡೇಟಾಸೆಟ್ ಅದರ ಕೈಯಲ್ಲೇ ಇರುತ್ತದೆ. ಜಾಬ್‌ನಲ್ಲಿ ಡಿಸ್ಪ್ ಓಲ್ಡ್ (ಫೈಲ್ ಈ ಜಾಬಿಗೆ ಮಾತ್ರ ಬೇಕು ಅಂತ) ಇದ್ದರೆ ಅದು ಬಿಡುವವರೆಗೂ ಕಾಯಲೇಬೇಕು. ಮತ್ತೆ ಲಾಗಾನ್ ಆಗುವಾಗ ಯೂಸರ್ ಐಡಿ ಬಳಕೆಯಲ್ಲಿದೆ ಅಂದರೆ, ಅದೇ ಸ್ಕ್ರೀನಿನಲ್ಲಿ ‘ರೀಕನೆಕ್ಟ್’ ಪಕ್ಕದಲ್ಲಿ ಎಸ್ ಹಾಕಿ ಎಂಟರ್ ಒತ್ತಿ. ಹಳೇ ಸೆಷನ್ ಸಿಕ್ಕರೆ ಎಡಿಟ್‌ನಿಂದ ಹೊರಗೆ ಬನ್ನಿ, ಜಾಬ್ ತಾನಾಗಿ ಹೊರಡುತ್ತದೆ.

ಆಗಲೂ ಹೊರಡದಿದ್ದರೆ ‘ಟಿಎಸ್‌ಒ ಐಎಸ್‌ಆರ್‌ಡಿಡಿಎನ್’ ಕೊಟ್ಟು, ಅದರೊಳಗೆ ‘ಎನ್‌ಕ್ಯೂ’ನಲ್ಲಿ ಡೇಟಾಸೆಟ್ ಹೆಸರು ಹಾಕಿ ನೋಡಿ. ಯಾರು ಹಿಡಿದಿದ್ದಾರೆ ಅಂತ ಗೊತ್ತಾಗುತ್ತದೆ. ಅವರಿಗೊಂದು ಫೋನ್ ಮಾಡಿದರೆ ಮುಗಿಯಿತು. ದಯವಿಟ್ಟು ಓಲ್ಡ್ ತೆಗೆದು ಶೇರ್ (ಬೇರೆಯವರೂ ಜೊತೆಗೆ ಬಳಸಬಹುದು ಅಂತ) ಮಾತ್ರ ಹಾಕಬೇಡಿ. ಇಬ್ಬರು ಒಂದೇ ಫೈಲಿಗೆ ಒಟ್ಟಿಗೆ ಬರೆದರೆ ಡೇಟಾ ಹಾಳಾಗುತ್ತದೆ, ಅದು ಗೊತ್ತಾಗುವುದೂ ತಡವಾಗಿಯೇ.

ಕುಶಾಲನಗರದಿಂದ:
ಡಿ37 ಬಗ್ಗೆ ನಾನು ಹೇಳುತ್ತೇನೆ. ಪ್ರೈಮರಿ ಸ್ಪೇಸ್ (ಫೈಲಿಗೆ ಮೊದಲು ಕೊಟ್ಟ ಜಾಗ) ತುಂಬಿತು, ಸೆಕೆಂಡರಿ (ಸಾಲದಿದ್ದರೆ ಸೇರಿಸುವ ಜಾಗ) ಕೊಟ್ಟೇ ಇಲ್ಲ ಅಂತ ಅದರ ಅರ್ಥ. ಸೆಕೆಂಡರಿ ಕೊಟ್ಟ ಮೇಲೂ ಬಿ37 ಎರರ್ ಬಂದರೆ, ಒಂದೋ ವಾಲ್ಯೂಮಿನಲ್ಲಿ (ಡಿಸ್ಕಿನಲ್ಲಿ) ಜಾಗ ಇಲ್ಲ, ಇಲ್ಲವೇ 16 ಎಕ್ಸ್‌ಟೆಂಟ್ (ಜಾಗದ ತುಂಡುಗಳು) ಮುಗಿದಿದೆ. ಸಾಮಾನ್ಯ ಸೀಕ್ವೆನ್ಶಿಯಲ್ ಫೈಲಿಗೆ ಒಂದು ವಾಲ್ಯೂಮಿನಲ್ಲಿ ಅಷ್ಟೇ ಮಿತಿ.

ಆದರೆ ಸ್ಪೇಸ್ ಏರಿಸುವ ಮೊದಲು ಬ್ಲಾಕ್ ಸೈಜ್ (ಡಿಸ್ಕಿಗೆ ಒಂದು ಸಲಕ್ಕೆ ಬರೆಯುವ ಗುಂಪಿನ ಅಳತೆ) ನೋಡಿ. ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ. 80 ಬೈಟಿನ ರೆಕಾರ್ಡಿಗೆ ಬ್ಲಾಕ್ ಸೈಜೂ 80 ಅಂತ ಯಾರೋ ಬರೆದಿಟ್ಟಿದ್ದರೆ, 3390 ಮಾದರಿಯ ಡಿಸ್ಕಿನ ಒಂದು ಟ್ರ್ಯಾಕಿನಲ್ಲಿ ಹಿಡಿಸುವುದು 78 ರೆಕಾರ್ಡ್ ಮಾತ್ರ. ಉಳಿದ ಜಾಗವೆಲ್ಲ ಬ್ಲಾಕುಗಳ ನಡುವಿನ ಗ್ಯಾಪಿಗೇ ಹೋಗುತ್ತದೆ. ಬ್ಲಾಕ್ ಸೈಜ್ 0 ಅಂತ ಕೊಟ್ಟರೆ ಸಿಸ್ಟಮ್ ತಾನೇ 27,920 ಆರಿಸುತ್ತದೆ. ಆಗ ಅದೇ ಟ್ರ್ಯಾಕಿನಲ್ಲಿ 698 ರೆಕಾರ್ಡ್! ನಾನು ನೋಡಿದ ಒಂದು ಜಾಬ್‌ನಲ್ಲಿ ಸ್ಪೇಸ್ ಮುಟ್ಟದೆ ಇಷ್ಟರಲ್ಲೇ ಸರಿಯಾಯಿತು.

ಗೋಣಿಕೊಪ್ಪದಿಂದ:
ಡಿ37 ಬಿದ್ದ ಜಾಬನ್ನು ಮತ್ತೆ ಓಡಿಸುವ ಮುಂಚೆ ಹಳೇ ಅರ್ಧಂಬರ್ಧ ಫೈಲ್ ಉಳಿದಿದೆಯಾ ನೋಡಿ. ಎಸ್‌ಎಂಎಸ್ (ಮೇನ್‌ಫ್ರೇಮಿನ ಸ್ಟೋರೇಜ್ ವ್ಯವಸ್ಥೆ) ನೋಡಿಕೊಳ್ಳುವ ಫೈಲ್ ಆದರೆ ಅದೇ ಹೆಸರು ಇದೆ ಅಂತ ಅಲೊಕೇಶನ್‌ನಲ್ಲೇ (ಜಾಗ ಕೊಡುವಾಗಲೇ) ನಿಲ್ಲುತ್ತದೆ, ಪುಣ್ಯ. ಇಲ್ಲದಿದ್ದರೆ ‘ನಾಟ್ ಕ್ಯಾಟ್ಲ್‌ಗ್ಡ್ 2’ (ಹೊಸ ಫೈಲಿನ ಹೆಸರು ಕ್ಯಾಟಲಾಗ್ ಪಟ್ಟಿಗೆ ಸೇರಲಿಲ್ಲ) ಅಂತ ಒಂದು ಸಾಲು ಬರೆದು ಜಾಬ್ ಸೊನ್ನೆ ಕೋಡಿನಲ್ಲೇ, ಎಲ್ಲ ಸರಿಯಿದ್ದಂತೆ, ಮುಗಿಯಬಹುದು. ಮುಂದಿನ ಸ್ಟೆಪ್ ಹಳೇ ಫೈಲನ್ನೇ ಓದುತ್ತದೆ. ಹಾಗಾಗಿ ಮೊದಲ ಸ್ಟೆಪ್ಪಿನಲ್ಲಿ ಐಇಎಫ್‌ಬಿಆರ್14 (ತಾನಾಗಿ ಏನೂ ಮಾಡದ ಪ್ರೋಗ್ರಾಂ) ಇಟ್ಟು, ಡಿಸ್ಪ್‌ನಲ್ಲಿ ಮಾಡ್, ಡಿಲೀಟ್, ಡಿಲೀಟ್ ಕೊಡಿ. ಫೈಲ್ ಇದ್ದರೂ ಇಲ್ಲದಿದ್ದರೂ ನಡೆಯುತ್ತದೆ.

ಇನ್ನೊಂದು, ಮಳೆ ಮುಗಿಯುವವರೆಗೆ ದೊಡ್ಡ ಕಾಪಿ ಕೆಲಸಗಳನ್ನು ಟಿಎಸ್‌ಒದಲ್ಲಿ ಮಾಡಬೇಡಿ, ಬ್ಯಾಚ್‌ನಲ್ಲಿ ಸಬ್ಮಿಟ್ ಮಾಡಿ. ಇಲ್ಲಿ ಕರೆಂಟ್ ಹೋದರೂ ಅದು ಅಲ್ಲಿ ನಡೆಯುತ್ತಲೇ ಇರುತ್ತದೆ. ಎಡಿಟ್‌ನಲ್ಲಿ ‘ರಿಕವರಿ ಆನ್’ ಹಾಕಿಡಿ.