ಗಾಯಗೊಂಡ ಯೋಧ ಊರಿಗೆ ಬರುತ್ತಿದ್ದಾನೆ, ನಾವೇನು ಮಾಡಬೇಕು? ಮಾಡಿ ಅನುಭವ ಇರುವವರು ಹೇಳಿ

ಹರಿಹರದ ಅಕ್ಕ:
ಎಲ್ಲರಿಗೂ ನಮಸ್ಕಾರ. ನಮ್ಮದು 14 ಜನರ ಮಹಿಳಾ ಸಂಘ. ಪಕ್ಕದ ಹಳ್ಳಿಯ ಹುಡುಗ ಸೈನ್ಯದಲ್ಲಿದ್ದಾನೆ, 29 ವರ್ಷ. ಕಾಶ್ಮೀರದ ಗಡಿಯಲ್ಲಿ ನೆಲಬಾಂಬ್ ಸಿಡಿದು ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಈಗ ಪುಣೆಯಲ್ಲಿ ಕೃತಕ ಕಾಲು ಹಾಕಿಸಿಕೊಳ್ಳುತ್ತಿದ್ದಾನೆ. ಮುಂದಿನ ತಿಂಗಳು ರಜೆಗೆ ಬರುತ್ತಾನಂತೆ. ಜುಲೈ 26, ಕಾರ್ಗಿಲ್ ವಿಜಯ ದಿವಸದಂದು ಅವನಿಗೆ ಏನಾದರೂ ಮಾಡೋಣ ಅಂತ 42,000 ರೂಪಾಯಿ ಕೂಡಿಸಿದ್ದೇವೆ. ಸನ್ಮಾನ ಇಟ್ಟುಕೊಳ್ಳೋಣವಾ, ವೀಲ್‌ಚೇರ್ ಕೊಡಿಸೋಣವಾ, ದುಡ್ಡೇ ಕೈಗೆ ಕೊಡೋಣವಾ? ಸಂಘದಲ್ಲಿ ಮೂರು ಪಾರ್ಟಿ ಆಗಿದೆ.

ನಿವೃತ್ತ ಮೇಷ್ಟ್ರು, ಧಾರವಾಡ:
ವೀಲ್‌ಚೇರ್ ಮಾತ್ರ ಬೇಡ ತಾಯಿ. ನಾನು ಕೊಟ್ಟು ಕೈಸುಟ್ಟುಕೊಂಡವನು.

ನನ್ನ ಹಳೆಯ ವಿದ್ಯಾರ್ಥಿ, ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಸ್ವಾಧೀನ ಇಲ್ಲ. ನಾವು ಆರು ಜನ ನಿವೃತ್ತರು ಸೇರಿ ಕುರ್ಚಿ ತಂದೆವು. ಕುರ್ಚಿಗೆ 7,800. ಹುಬ್ಬಳ್ಳಿಯಿಂದ ಟೆಂಪೋಗೆ 1,150. ಹಾರ, ಬ್ಯಾನರ್‌ಗೆ 900. ಸೀಟಿನ ಅಗಲ 18 ಇಂಚು. ಹುಡುಗನ ಸೊಂಟ ಅಳೆದವರು ಯಾರೂ ಇಲ್ಲ. ಅವನಿಗೆ 16 ಸಾಕಿತ್ತು. ಸಡಿಲ ಕುರ್ಚಿಯಲ್ಲಿ ಒಂದೇ ಕಡೆ ವಾಲಿ ಕೂತು ಕೂತು ಎರಡು ತಿಂಗಳಿಗೆ ಪೃಷ್ಠದಲ್ಲಿ ಹುಣ್ಣಾಯಿತು. ಅವನಿಗೆ ನೋವೇ ಗೊತ್ತಾಗುವುದಿಲ್ಲವಲ್ಲ. ಹೆಂಡತಿ ಬಟ್ಟೆ ಒಗೆಯುವಾಗ ಕಲೆ ನೋಡಿ ಪತ್ತೆ ಹಚ್ಚಿದಳು. ಐದು ವಾರ ಮತ್ತೆ ಆಸ್ಪತ್ರೆ, ಬೋರಲು ಮಲಗಿದ್ದ.

ಆಮೇಲೆ ಇಳಿಜಾರಿನ ಕಥೆ. ಅವನ ಮನೆಯ ಜಗಲಿ ನೆಲದಿಂದ ಒಂದೂವರೆ ಅಡಿ ಎತ್ತರ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು ಅನ್ನುವುದು ಲೆಕ್ಕ, ಅಂದರೆ 18 ಅಡಿ. ನಮ್ಮ ಗೌಂಡಿ "ಅಷ್ಟೆಲ್ಲ ಯಾಕ್ರೀ, ಏಳು ಅಡಿ ಸಾಕು" ಅಂದ. ಒಂಬತ್ತು ಚೀಲ ಸಿಮೆಂಟ್, ಅರ್ಧ ಟ್ರ್ಯಾಕ್ಟರ್ ಮರಳು, ಎರಡು ದಿನದ ಕೂಲಿ, ಒಟ್ಟು 9,200. ಮೊದಲ ದಿನವೇ ಕುರ್ಚಿ ಹಿಂದಕ್ಕೆ ಜಾರಿ ಹಿಂದೆ ನಿಂತಿದ್ದ ಅವನ ಅಪ್ಪನ ಹಲ್ಲು ಮುರಿಯಿತು. ಒಡೆಸುವುದಕ್ಕೆ ಮತ್ತೆ 1,600. ಈಗ ಅವನು ಸರಿಯಾದ ಅಳತೆಯ ಬೇರೆ ಕುರ್ಚಿಯಲ್ಲಿದ್ದಾನೆ. ನಾವು ಕೊಟ್ಟ ಕುರ್ಚಿಯ ಮೇಲೆ ಶೇಂಗಾ ಚೀಲ ಕೂತಿದೆ. ಹೋದಾಗಲೆಲ್ಲ ಕಣ್ಣಿಗೆ ಬೀಳುತ್ತದೆ.

ಹವಾಲ್ದಾರ್ (ನಿವೃತ್ತ):
ಮೇಷ್ಟ್ರೇ, ನೀವು ಕುರ್ಚಿಯನ್ನಾದರೂ ಕೊಟ್ಟಿರಿ. ನನಗೆ ಸಿಕ್ಕಿದ್ದು ಶಾಲು.

1999, ಕಾರ್ಗಿಲ್ ಯುದ್ಧ, ದ್ರಾಸ್. ಶೆಲ್ ಚೂರು ಸೊಂಟಕ್ಕೆ, ತೊಡೆಗೆ, ಎಡಗೈಗೆ. ಸರ್ಕಾರದ ಲೆಕ್ಕದಲ್ಲಿ ಆ ಯುದ್ಧದಲ್ಲಿ ತೀರಿಕೊಂಡವರು 527, ಗಾಯಗೊಂಡವರು 1,363. ಮೊದಲ ಸಂಖ್ಯೆ ಶಾಲೆ ಮಕ್ಕಳೂ ಹೇಳುತ್ತಾರೆ. ಎರಡನೆಯದು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿತ್ತು?

ಊರಿಗೆ ಬಂದ ಮೊದಲ 40 ದಿನದಲ್ಲಿ 11 ಶಾಲು, 4 ಮೈಸೂರು ಪೇಟ, ಹಣ್ಣಿನ ಬುಟ್ಟಿಗೆ ಲೆಕ್ಕವಿಲ್ಲ. ಒಂದು ಸನ್ಮಾನದಲ್ಲಿ ಮುಖ್ಯ ಅತಿಥಿ ಬರುವುದು ಮೂರು ಗಂಟೆ ತಡವಾಯಿತು. ಎದ್ದು ಹೋದರೆ ಅವಮಾನ ಅಂತ ಕಬ್ಬಿಣದ ಕುರ್ಚಿಯಲ್ಲೇ ಕೂತಿದ್ದೆ. ಹೊಲಿಗೆ ಬಿಚ್ಚಿಕೊಂಡು ಪ್ಯಾಂಟ್ ಒದ್ದೆಯಾಗಿತ್ತು. ಫೋಟೋದಲ್ಲಿ ಮಾತ್ರ ನಗುತ್ತಿದ್ದೇನೆ. 41ನೇ ದಿನದಿಂದ ಒಂದು ನಾಯಿಯೂ ಬರಲಿಲ್ಲ.

ನಿಜವಾಗಿ ಉಪಕಾರ ಮಾಡಿದವರು ನಮ್ಮ ಊರಿನ ಪೋಸ್ಟ್ ಆಫೀಸಿನ ಕ್ಲರ್ಕ್. ಪಿಂಚಣಿ ಕಾಗದದಲ್ಲಿ ನನ್ನ ಅಂಗವೈಕಲ್ಯ ಶೇ. 40 ಅಂತಿತ್ತು. ಗಾಯದಿಂದಲೇ ಸೇವೆಯಿಂದ ಬಿಡುಗಡೆಯಾದವರಿಗೆ 50ಕ್ಕಿಂತ ಕಡಿಮೆ ಇದ್ದರೆ ಅದನ್ನು 50 ಅಂತ ಹಿಡಿಯಬೇಕು. ಇದು ನನಗೆ ಗೊತ್ತಿರಲಿಲ್ಲ. ಆ ಪುಣ್ಯಾತ್ಮ ಸಂಜೆ ಆರರ ಮೇಲೆ ನಮ್ಮ ಮನೆಗೆ ಬಂದು 17 ಅರ್ಜಿ ಬರೆದರು. ಮೂರು ವರ್ಷ ಹಿಡಿಯಿತು. ಒಂದು ಲೋಟ ಕಾಫಿ ಬಿಟ್ಟು ಏನೂ ಮುಟ್ಟಲಿಲ್ಲ. ಅವರಿಗೆ ಯಾರೂ ಶಾಲು ಹೊದಿಸಲಿಲ್ಲ.

2018ನ್ನು ಸೇನೆಯೇ ಅಂಗವಿಕಲ ಸೈನಿಕರ ವರ್ಷ ಅಂತ ಆಚರಿಸಿತು. ಒಳ್ಳೆಯದೇ. ಆಮೇಲೆ 2019 ಬಂತು.

ಭಾನುವಾರದ ಬಳಗ, ಬೆಂಗಳೂರು:
ಸರ್, ನಿಮ್ಮ ಮೇಲೆ ಗೌರವ ಇದೆ. ಆದರೆ ನಾಗರಿಕರೆಲ್ಲ ಫೋಟೋಕ್ಕೆ ಬರುವವರು ಅನ್ನಬೇಡಿ.

ನಾವು ಒಂಬತ್ತು ಜನ, ಎಲ್ಲ ಸಾಫ್ಟ್‌ವೇರ್. ಒಂದು ಸೇನಾ ಆಸ್ಪತ್ರೆಗೆ ಎರಡು ವಾರಕ್ಕೊಮ್ಮೆ ಹೋಗುತ್ತಿದ್ದೆವು. ಅನುಮತಿ ಸಿಗುವುದಕ್ಕೇ ನಾಲ್ಕು ಪತ್ರ, ಏಳು ತಿಂಗಳು. ಎಲ್ಲರ ಆಧಾರ್, ಪೊಲೀಸ್ ವೆರಿಫಿಕೇಶನ್. ಕ್ಯಾರಂ ಬೋರ್ಡ್ 2,300, ಕನ್ನಡ ಪೇಪರ್‌ಗೆ ತಿಂಗಳಿಗೆ 420. ತಿಂಡಿ ಒಳಗೆ ಬಿಡುವುದಿಲ್ಲ. ಮೊದಲ ವಾರ ಕಟ್ಟಿಸಿಕೊಂಡು ಹೋದ 60 ಹೋಳಿಗೆ ಗೇಟಲ್ಲೇ ಉಳಿಯಿತು. ಬಾಗಲಕೋಟೆ ಕಡೆಯ ಒಬ್ಬ ಹುಡುಗ ಇದ್ದ. ಉತ್ತರದ ಆಸ್ಪತ್ರೆಗಳಲ್ಲಿ ತಿಂಗಳುಗಟ್ಟಲೆ ಹಿಂದಿ ಕೇಳಿ ಬಂದಿದ್ದ. ನಾನು "ಊಟ ಆಯ್ತಾ" ಅಂದದ್ದಕ್ಕೆ ಗೋಡೆ ಕಡೆ ತಿರುಗಿ ಅತ್ತುಬಿಟ್ಟ. ಅದಕ್ಕೆ ಬೆಲೆ ಇಲ್ಲವಾ?

ಮುರಳಿಕಾಂತ್ ಪೇಟ್ಕರ್ ಅವರ ಕಥೆಯನ್ನೂ ಹೇಳುತ್ತಿದ್ದೆವು. 1965ರ ಯುದ್ಧದಲ್ಲಿ ಗುಂಡು ತಿಂದವರು, 1972ರಲ್ಲಿ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಈಜಿನಲ್ಲಿ ಚಿನ್ನ ಗೆದ್ದರು. ಹುಡುಗರಿಗೆ ಸ್ಫೂರ್ತಿ ಬರಲಿ ಅಂತ.

ಹವಾಲ್ದಾರ್ (ನಿವೃತ್ತ):
ಪೇಟ್ಕರ್ ಸಾಹೇಬರು ದೊಡ್ಡವರು, ಕೈ ಮುಗಿಯುತ್ತೇನೆ. ಆದರೆ ಹಾಸಿಗೆಯಲ್ಲಿರುವವನಿಗೆ ಆ ಕಥೆ ಹೇಳಬೇಡಿ ತಮ್ಮಾ. ಅವನಿಗೆ ಬೆಳಿಗ್ಗೆ ಎದ್ದು ಕಕ್ಕಸಿಗೆ ಹೋಗಿ ಬರುವುದೇ ಚಿನ್ನದ ಪದಕ. ಅಂದಹಾಗೆ, "ಹೋಗುತ್ತಿದ್ದೆವು" ಅಂದಿರಿ. ಈಗ ಯಾಕೆ ಹೋಗುತ್ತಿಲ್ಲ?

ಭಾನುವಾರದ ಬಳಗ, ಬೆಂಗಳೂರು:
ಹೊಸದಾಗಿ ಸೇರಿದ ಒಬ್ಬ ವಾರ್ಡಿನಲ್ಲಿ ಸೆಲ್ಫಿ ತೆಗೆದ. ಹಿಂದೆ ಮಂಚಕ್ಕೆ ತೂಗುಹಾಕಿದ್ದ ಚೀಟಿಯಲ್ಲಿ ಹೆಸರು, ನಂಬರ್, ಯೂನಿಟ್ ಎಲ್ಲ ಕಾಣುತ್ತಿತ್ತು. ಮರುದಿನವೇ ಎಲ್ಲರ ಅನುಮತಿ ರದ್ದು. ಫೋಟೋ ನಾನು ತೆಗೆದದ್ದಲ್ಲ.

ಕೊಡಗಿನ ಅತ್ತೆ:
ತೆಗೆದದ್ದು ನೀವಲ್ಲ ಸರಿ, ಹಂಚಿದ್ದು?

ಭಾನುವಾರದ ಬಳಗ, ಬೆಂಗಳೂರು:
ಹಂಚಿದೆ. ನೋಡದೆ ಹಂಚಿದೆ. ಎರಡು ವರ್ಷದಿಂದ ಇದನ್ನೇ ಕೇಳಿಸಿಕೊಳ್ಳುತ್ತಿದ್ದೇನೆ, ಇಲ್ಲೂ ಶುರು ಮಾಡಬೇಡಿ.

ಕೊಡಗಿನ ಅತ್ತೆ:
ಸರಿ ಬಿಡಿ. ನನ್ನದೂ ಒಂದು ಪೆದ್ದುತನ ಇದೆ. ನಮ್ಮ ಮನೆಯಲ್ಲಿ ಮೂರು ತಲೆಮಾರು ಸೈನ್ಯ. 1962ರಲ್ಲಿ ನನ್ನ ತಾಯಿ ಗಡಿಗೆ ಕಳಿಸಲು ಸ್ವೆಟರ್ ಹೆಣೆದು ಕೊಟ್ಟವರು. ಬಳೆಯನ್ನೂ ರಕ್ಷಣಾ ನಿಧಿಗೆ ಕೊಟ್ಟರು. ಆ ಜಂಬ ನನಗೂ ಇತ್ತು. ಕಾಲು ಕಳೆದುಕೊಂಡವರು ಕೃತಕ ಕಾಲಿನ ಒಳಗೆ ಒಂದು ಕಾಲುಚೀಲ ಹಾಕಿಕೊಳ್ಳುತ್ತಾರೆ ಅಂತ ಗೊತ್ತಾಯಿತು. ಉಣ್ಣೆಯಲ್ಲಿ 60 ಹೆಣೆದೆ. ದಾರಕ್ಕೇ 5,400. ನಾಲ್ಕು ತಿಂಗಳು ಕಣ್ಣು ಉರಿಸಿಕೊಂಡೆ. 43 ವಾಪಸ್ ಬಂತು.

ತಪ್ಪು ನನ್ನದೇ. ಮೊದಲ ವರ್ಷ ಆ ಮೋಟುಗಾಲು ತಿಂಗಳು ತಿಂಗಳಿಗೆ ಸಣ್ಣದಾಗುತ್ತಾ ಹೋಗುತ್ತದೆ. ಇಂದಿನ ಅಳತೆ ನಾಳೆಗಿಲ್ಲ. ಒಳಗೆ ಒಂದು ಗಂಟು, ಒಂದು ಹೊಲಿಗೆ ಇದ್ದರೂ ಚರ್ಮ ಕಿತ್ತುಬರುತ್ತದೆ. ನನ್ನ ಹೆಣಿಗೆಯಲ್ಲಿ ತುದಿಗೆ ಚಂದದ ಗಂಟು ಬೇರೆ! ನನ್ನ ಬೀಗರ ಮಗ ಒಬ್ಬ ಹೇಳಿದ: "ಅತ್ತೆ, ಬೇಸಿಗೆಯಲ್ಲಿ ಸಂಜೆ ಹೊತ್ತಿಗೆ ಕಾಲು ಬಿಚ್ಚಿದರೆ ಒಳಗಿಂದ ಬೆವರು ಸುರಿಯುತ್ತೆ, ನೀವು ಉಣ್ಣೆ ಕೊಟ್ಟಿದ್ದೀರಿ." ಈಗ ಹಳೆಯ ಮೆತ್ತನೆ ಹತ್ತಿ ಬನಿಯನ್ ತೊಳೆದು ಕೊಡುತ್ತೇನೆ, ಒರೆಸಿಕೊಳ್ಳುವುದಕ್ಕೆ. ಅದು ವಾಪಸ್ ಬಂದಿಲ್ಲ.

ನ್ಯೂಜೆರ್ಸಿ ಕನ್ನಡಿಗ:
ಇಲ್ಲಿ ಮಾಜಿ ಸೈನಿಕರ ಆಸ್ಪತ್ರೆಗೆ ನಾನು ತಿಂಗಳಿಗೆ ಎರಡು ಶನಿವಾರ ವ್ಯಾನ್ ಓಡಿಸುತ್ತೇನೆ. ಮನೆಯಿಂದ ಕರೆದುಕೊಂಡು ಹೋಗುವುದು, ಡಾಕ್ಟರ್ ನೋಡಿದ ಮೇಲೆ ಬಿಟ್ಟು ಬರುವುದು, ಅಷ್ಟೇ. ಹಾರ ಇಲ್ಲ, ಭಾಷಣ ಇಲ್ಲ. ಅದಕ್ಕೂ ಟಿಬಿ ಪರೀಕ್ಷೆ, ಡ್ರೈವಿಂಗ್ ದಾಖಲೆ, ತರಬೇತಿ ಎಲ್ಲ ಕೇಳುತ್ತಾರೆ. ನಮ್ಮಲ್ಲಿ ವ್ಯವಸ್ಥೆ ಅನ್ನುವುದೇ ಇಲ್ಲ.

ನಿವೃತ್ತ ಮೇಷ್ಟ್ರು, ಧಾರವಾಡ:
ವ್ಯವಸ್ಥೆ ಇಲ್ಲ ಅನ್ನಬೇಡಿ. ಪುಣೆಯ ಕೃತಕ ಅಂಗ ಕೇಂದ್ರ 1944ರಿಂದ ಇದೆ. ಅಲ್ಲೇ ಖಡ್ಕಿಯಲ್ಲಿ ಬೆನ್ನುಹುರಿ ಪೆಟ್ಟಿನ ಯೋಧರಿಗೆ ಪುನರ್ವಸತಿ ಕೇಂದ್ರ 1974ರಿಂದ ಇದೆ. ಕೈ ಆಡದವರು ಬಾಯಲ್ಲಿ ಕುಂಚ ಹಿಡಿದು ಚಿತ್ರ ಬರೆಯುತ್ತಾರೆ ಅಲ್ಲಿ. ನಾನು ಹೋಗಿ ನೋಡಿ, ಒಂದು ಚಿತ್ರ ಕೊಂಡು ತಂದಿದ್ದೇನೆ. ನೀವು ಅಲ್ಲಿ ಕೂತು ನಮ್ಮಲ್ಲಿ ಏನೂ ಇಲ್ಲ ಅಂದರೆ ಹೇಗೆ?

ನ್ಯೂಜೆರ್ಸಿ ಕನ್ನಡಿಗ:
ನಾನು ಹೇಳಿದ್ದು ಊರಿನ ಮಟ್ಟದ್ದು. ಹರಿಹರದಿಂದ ಪುಣೆಗೆ ಯಾರು ವ್ಯಾನ್ ಓಡಿಸುತ್ತಾರೆ ಹೇಳಿ?

ರಾಯಚೂರಿನ ತಂಗಿ:
ಯಾರಾದರೂ ನನಗೂ ಉತ್ತರ ಕೊಡಿ. ನನ್ನ ಅಣ್ಣ ಸಿಆರ್‌ಪಿಎಫ್, ಅಂದರೆ ಕೇಂದ್ರ ಮೀಸಲು ಪೊಲೀಸ್ ಪಡೆ. ಛತ್ತೀಸ್‌ಗಢದಲ್ಲಿ ಐಇಡಿ ಬಾಂಬ್ ಸಿಡಿದು ಒಂದು ಕಣ್ಣು, ಎರಡು ಬೆರಳು ಹೋದವು. ಸಹಾಯ ಕೇಳಲು ಒಂದು ಕಚೇರಿಗೆ ಹೋದರೆ "ಇದು ಸೈನಿಕರಿಗೆ ಮಾತ್ರ, ನೀವು ಗೃಹ ಇಲಾಖೆ" ಅಂದರು. ರಾಯಚೂರಿನಿಂದ ಹೋಗಿ ಬರಲು ಇಬ್ಬರಿಗೆ 1,900 ಖರ್ಚು, ಅಣ್ಣನ ಕಣ್ಣಿಗೆ ಇನ್ನೂ ಬ್ಯಾಂಡೇಜ್. ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನಕ್ಕೆ ನಾನು ಶಾಲೆಯಲ್ಲಿದ್ದಾಗ ಪ್ರತಿ ವರ್ಷ ಸ್ಟಿಕರ್ ಕೊಂಡವಳು. ಆ ದುಡ್ಡಲ್ಲಿ ನನ್ನ ಅಣ್ಣನಿಗೆ ಪಾಲಿಲ್ಲ ಅಂತ ಆವತ್ತು ಗೊತ್ತಾಯಿತು. ಅವನ ರಕ್ತ ಬೇರೆ ಬಣ್ಣವಾ?

ಹವಾಲ್ದಾರ್ (ನಿವೃತ್ತ):
ತಂಗೀ, ನಿಯಮ ಹಾಗೇ ಇದೆ. ಮಾಜಿ ಸೈನಿಕರು ಅಂದರೆ ಭೂಸೇನೆ, ನೌಕಾಪಡೆ, ವಾಯುಪಡೆ. ಸಿಆರ್‌ಪಿಎಫ್ ಬರುವುದಿಲ್ಲ.

ರಾಯಚೂರಿನ ತಂಗಿ:
ನಿಯಮ ನನಗೂ ಗೊತ್ತು ಸರ್. ಸರಿಯಾ ಅಂತ ಕೇಳಿದೆ. "ಭಾರತ್ ಕೆ ವೀರ್" ಅಂತ 2017ರಲ್ಲಿ ಶುರುವಾಯಿತು, ಸಿಆರ್‌ಪಿಎಫ್‌ನಂಥ ಪಡೆಗಳಲ್ಲಿ ಮಡಿದವರ ಮನೆಗೆ ನೇರ ದುಡ್ಡು ಕಳಿಸಬಹುದು ಅಂದರು. ಸಂತೋಷ. ಬದುಕಿ ಬಂದವನ ಮನೆಗೆ?

ಹವಾಲ್ದಾರ್ (ನಿವೃತ್ತ):
ಸರಿಯಲ್ಲ. ಒಪ್ಪಿದೆ. 1,363 ಅಂತ ಜಂಬ ಕೊಚ್ಚಿದ ನಾನೂ ನಿಮ್ಮವರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಭಾನುವಾರದ ಬಳಗ, ಬೆಂಗಳೂರು:
ಇದಕ್ಕೇ ಹೇಳುವುದು, ವ್ಯಕ್ತಿಗೆ ಕೊಡದೆ ರಾಷ್ಟ್ರೀಯ ರಕ್ಷಣಾ ನಿಧಿಗೆ ಕೊಡಿ ಅಂತ. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಪೂರ್ತಿ ವಿನಾಯಿತಿಯೂ ಸಿಗುತ್ತದೆ.

ಕೊಡಗಿನ ಅತ್ತೆ:
ಹಳ್ಳಿ ಹೆಂಗಸರು ಕೂಡಿಸಿದ ದುಡ್ಡಿಗೆ ತೆರಿಗೆ ವಿನಾಯಿತಿ! ನೀವು ಮೊದಲು ಎಕ್ಸೆಲ್ ಮುಚ್ಚಿ.

ಹರಿಹರದ ಅಕ್ಕ:
ಎಲ್ಲ ಓದಿದೆ. ನನ್ನ ಪ್ರಶ್ನೆ ಎಲ್ಲೋ ಕಳೆದುಹೋಯಿತು, ಇರಲಿ. ಹವಾಲ್ದಾರ್ ಸರ್ ಬರೆದದ್ದನ್ನು ಸಂಘದಲ್ಲಿ ಓದಿ ಹೇಳಿದೆ. ಸನ್ಮಾನದ ಪಾರ್ಟಿ ಸುಮ್ಮನಾಯಿತು. ಪೇಟಕ್ಕೆ 600 ಅಡ್ವಾನ್ಸ್ ಕೊಟ್ಟಿದ್ದೆವು, ವಾಪಸ್ ಕೊಡುವುದಿಲ್ಲವಂತೆ.

ಆಮೇಲೆ ಹುಡುಗನ ತಾಯಿಗೇ ಫೋನ್ ಮಾಡಿದೆ. ಮೊದಲು "ಏನೂ ಬೇಡಮ್ಮ, ನೀವು ಬಂದರೆ ಸಾಕು" ಅಂದರು. ಅರ್ಧ ಗಂಟೆ ಭತ್ತದ ಮಾತು, ಕಾಲುವೆ ನೀರಿನ ಮಾತು. ಫೋನ್ ಇಡುವ ಹೊತ್ತಿಗೆ ಹೇಳಿದರು, ಕಕ್ಕಸು ಹಿತ್ತಲಲ್ಲಿದೆ, ಕುಕ್ಕರಗಾಲಲ್ಲಿ ಕೂರುವಂಥದ್ದು, ಮಗ ಹೇಗೆ ಕೂರುತ್ತಾನೋ ಅಂತ ನಿದ್ದೆ ಬರುತ್ತಿಲ್ಲ, ಗಂಡಸರ ಹತ್ತಿರ ಹೇಗೆ ಹೇಳುವುದು ಅಂತ.

ನಿವೃತ್ತ ಮೇಷ್ಟ್ರು, ಧಾರವಾಡ:
ಕಮೋಡ್ ಹಾಕಿಸಿ! ಸಾಧಾರಣದ್ದು ಮೂರೂವರೆ ಸಾವಿರಕ್ಕೆ ಸಿಗುತ್ತದೆ. ಪೈಪು, ಟೈಲ್ಸ್, ಗೌಂಡಿ ಸೇರಿ 15,000 ಒಳಗೆ ಮುಗಿಸಬಹುದು. ಗೌಂಡಿಯ ಮಾತು ಕೇಳಬೇಡಿ. ಬಾಗಿಲು ಒಳಗೆ ತೆರೆಯುವುದು ಬೇಡ, ಹೊರಗೆ ತೆರೆಯಲಿ. ಒಳಗೆ ಬಿದ್ದರೆ ಬಾಗಿಲಿಗೆ ಅಡ್ಡ ಬೀಳುತ್ತಾನೆ, ಆಮೇಲೆ ತೆರೆಯುವುದಕ್ಕೇ ಆಗುವುದಿಲ್ಲ. ಇದೂ ನನ್ನ ಅನುಭವವೇ, ಅದರ ಕಥೆ ಬೇರೆ.

ನ್ಯೂಜೆರ್ಸಿ ಕನ್ನಡಿಗ:
ಹಿಡಿದುಕೊಳ್ಳಲು ಗೋಡೆಗೆ ಸ್ಟೀಲ್ ಕಂಬಿ ಹಾಕಿಸಿ. ಟವೆಲ್ ಹಾಕುವ ಕಂಬಿ ಅಲ್ಲ, ಅದು ಕೈಗೆ ಕಿತ್ತುಬರುತ್ತದೆ. ಕಂಬಿಯ ದುಡ್ಡು ನಾನು ಕಳಿಸುತ್ತೇನೆ.

ಹವಾಲ್ದಾರ್ (ನಿವೃತ್ತ):
ಒಂದು ವಿಷಯ ಯಾರೂ ಹೇಳಲಿಲ್ಲ. ರಾತ್ರಿ ಅವನು ಕೃತಕ ಕಾಲು ಬಿಚ್ಚಿಟ್ಟು ಮಲಗಿರುತ್ತಾನೆ. ಎರಡು ಗಂಟೆಗೆ ಎಚ್ಚರವಾದರೆ ಅದನ್ನು ಹಾಕಿಕೊಳ್ಳುವುದಿಲ್ಲ, ಊರುಗೋಲು ಹಿಡಿದು ಒಂದೇ ಕಾಲಲ್ಲಿ ಹೋಗುತ್ತಾನೆ. ಜುಲೈ ಅಂದರೆ ಮಳೆ. ಹಿತ್ತಲು ಕೆಸರು. ಮನೆಯ ಹಿಂಬಾಗಿಲಿಂದ ಕಕ್ಕಸಿನವರೆಗೆ ಎಷ್ಟು ಅಡಿ ಅಂತ ಅಳೆದುಕೊಂಡು ಬನ್ನಿ. ಅಷ್ಟಕ್ಕೂ ಒರಟು ಕಾಂಕ್ರೀಟ್ ಹಾಕಿಸಿ, ನಯ ಮಾಡಿಸಬೇಡಿ. ಒಂದು ಬಲ್ಬ್, ಅದರ ಸ್ವಿಚ್ ಅವನ ಮಂಚದ ಹತ್ತಿರ. ಊರುಗೋಲಿನ ತುದಿಯ ರಬ್ಬರ್ ಬುಶ್ ನಾಲ್ಕು ಜೊತೆ ತಂದಿಡಿ, ಬೇಗ ಸವೆಯುತ್ತವೆ.

ಇದೆಲ್ಲ ಅವನು ಬರುವ ಮೊದಲೇ ಮುಗಿದಿರಲಿ. ಯಾರು ಮಾಡಿಸಿದ್ದು ಅಂತ ಗೋಡೆ ಮೇಲೆ ಬರೆಸಬೇಡಿ.

ಹರಿಹರದ ಅಕ್ಕ:
ನಾಳೆ ಟೇಪು ತಗೊಂಡು ನಾಲ್ಕು ಜನ ಹೋಗುತ್ತೇವೆ ಸರ್.

ಕೊಡಗಿನ ಅತ್ತೆ:
ಮೇಷ್ಟ್ರೇ, ಆ ಬಾಗಿಲಿನ ಕಥೆ ಹೇಳಿ.

ರಾಯಚೂರಿನ ತಂಗಿ:
ನನ್ನ ಅಣ್ಣನ ಕಾಗದ ಬರೆದುಕೊಡುವವರು ರಾಯಚೂರು ಕಡೆ ಯಾರಾದರೂ ಇದ್ದೀರಾ?