‘ಎಲುಬು ಕೂಡಿದೆ’ ಎಂದರೆ ಸಿಹಿಸುದ್ದಿಯೋ, ರೋಗವೋ?

ಗಂಗಾವತಿಯ ದವಡೆ ಶಸ್ತ್ರಚಿಕಿತ್ಸಕ ಗೆಳೆಯರೊಬ್ಬರಿಗಾಗಿ, ರೋಗಿಗಳ ಕೈಗೆ ಕೊಡುವ ಒಂದು ಪುಟವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಆಂಕಿಲೋಸಿಸ್’, ಅಂದರೆ ಕೀಲು ಅಲುಗದಂತೆ ಹತ್ತಿಕೊಳ್ಳುವ ರೋಗ, ಎಂಬಲ್ಲಿ ಲೇಖನಿ ನಿಂತಿದೆ. ಮಗು ಗದ್ದ ಊರಿ ಬಿದ್ದು ಕಿವಿಯ ಮುಂದಿನ ಕೀಲಿಗೆ ಪೆಟ್ಟಾದರೆ, ಒಳಗೆ ಸೋರಿದ ರಕ್ತ ಕ್ರಮೇಣ ಎಲುಬಾಗಿ ಗಟ್ಟಿಯಾಗಿ, ಕೆಳದವಡೆ ತಲೆಬುರುಡೆಗೇ ಹತ್ತಿಬಿಡುವುದುಂಟು. ಮೂರು ಬೆರಳು ಹಿಡಿಸಬೇಕಾದ ಬಾಯಿಯಲ್ಲಿ ಚಮಚ ತೂರಿಸುವುದೂ ಕಷ್ಟವಾಗುತ್ತದೆ.

ಮೊದಲು ‘ಎಲುಬು ಕೂಡಿಕೊಂಡಿದೆ’ ಎಂದು ಬರೆದಿದ್ದೆ. ಅದನ್ನು ಓದಿಸಿ ಕೇಳಿದ ತಾಯಿಯೊಬ್ಬರು ಮುಖವರಳಿಸಿ, “ಕೂಡಿತಲ್ಲ, ಮತ್ತೆ ಕೊಯ್ಯುವುದೇಕೆ?” ಎಂದರು. ತಪ್ಪು ನನ್ನದೇ. ಕೈ ಮುರಿದವನ ಮನೆಯವರೆಲ್ಲ ಕಾಯುವುದೇ ಆ ಮಾತಿಗೆ. ‘ಬೆಸೆದಿದೆ’ ಎಂಬುದೂ ಮಂಗಳದ ಮಾತೇ. ‘ದವಡೆ ಕಚ್ಚಿದೆ’ ಎಂದರೆ ಧನುರ್ವಾಯು ನೆನಪಾಗುತ್ತದೆ, ‘ಬಾಯಿ ಬಿಡುವುದಿಲ್ಲ’ ಎಂದರೆ ಹುಡುಗ ಗುಟ್ಟು ಬಚ್ಚಿಟ್ಟಂತಾಗುತ್ತದೆ.

ಆಯುರ್ವೇದದ ‘ಹನುಗ್ರಹ’ವನ್ನೂ (‘ಹನು’ ಎಂದರೆ ದವಡೆ) ತೂಗಿ ನೋಡಿದೆ. ಬಾಯಿ ಮುಚ್ಚಿಯೇ ಉಳಿದರೂ ತೆರೆದೇ ಉಳಿದರೂ ಅಲ್ಲಿ ಅದೇ ಹೆಸರು. ಮೇಲಾಗಿ ‘ಗ್ರಹ’ ಕಂಡವರು ಆಸ್ಪತ್ರೆ ಬಿಟ್ಟು ಆಂಜನೇಯನ ಬೆಟ್ಟ ಅಂಜನಾದ್ರಿ ಹತ್ತಿಯಾರು. (ವಜ್ರಾಯುಧದ ಪೆಟ್ಟಿಗೆ ಎಡದವಡೆ ಮುರಿದದ್ದರಿಂದಲೇ ಅವನು ಹನುಮಂತನಾದದ್ದು ಎನ್ನುತ್ತದೆ ರಾಮಾಯಣ. ಪುಣ್ಯಕ್ಕೆ ಅವನ ಕೀಲು ಹತ್ತಲಿಲ್ಲ!)

ಕೊನೆಗೆ ಮನಸ್ಸು ನಿಂತದ್ದು ‘ಸಂದು’ ಎಂಬ ಪದದ ಮೇಲೆ. ಅದು ಕೀಲೂ ಹೌದು, ಎರಡರ ನಡುವಿನ ಬಿರುಕೂ ಹೌದು. ಶಸ್ತ್ರಚಿಕಿತ್ಸೆಯಲ್ಲಿ ಮಾಡುವುದೂ ಅದನ್ನೇ: ಬೆಳೆದ ಎಲುಬನ್ನು ಕತ್ತರಿಸಿ ತೆಗೆದು ಜಾಗ ಬಿಡಿಸುತ್ತಾರೆ, ಮತ್ತೆ ಹತ್ತದಂತೆ ಕಿವಿಯ ಮೇಲ್ಭಾಗದ ಸ್ನಾಯುವಿನ ಪದರವೊಂದನ್ನು ನಡುವೆ ಹಾಸುತ್ತಾರೆ. ಬೆಳೆಯುವ ಮಕ್ಕಳಿಗೆ ಪಕ್ಕೆಲುಬಿನ ತುಂಡನ್ನು ಕೂರಿಸುವುದೂ ಉಂಟು. ಆಮೇಲೆ ತಿಂಗಳುಗಟ್ಟಲೆ, ನೋವಾದರೂ, ಬಾಯಿ ತೆರೆಯುವ ವ್ಯಾಯಾಮ ತಪ್ಪಿಸುವಂತಿಲ್ಲ. ತಪ್ಪಿಸಿದರೆ ಮತ್ತೆ ಹತ್ತುತ್ತದೆ. ಹಾಗಾಗಿ ರೋಗಕ್ಕೆ ‘ಸಂದು ಮುಚ್ಚಿದೆ’, ಚಿಕಿತ್ಸೆಗೆ ‘ಸಂದು ಬಿಡಿಸುವುದು’ ಎಂದು ಬರೆದಿದ್ದೇನೆ.

ರಾಯಚೂರು, ಬಳ್ಳಾರಿ ಕಡೆಯವರನ್ನು ಕೇಳುವುದಿಷ್ಟು: ‘ಸಂದು ಮುಚ್ಚಿದೆ’ ಎಂದರೆ ನಿಮಗೆ ಮೊದಲು ಹೊಳೆಯುವುದು ಕೀಲೋ, ಎರಡು ಮನೆಗಳ ನಡುವಿನ ಸಂದಿಯೋ? ಬಾಗಿಲಿನ ಕೀಲು ತುಕ್ಕು ಹಿಡಿದು ತಿರುಗದಂತಾದರೆ ನಿಮ್ಮ ಊರಿನ ಬಡಿಗರು ಯಾವ ಕ್ರಿಯಾಪದ ಬಳಸುತ್ತಾರೆ?