ಪದಚರ್ಚೆ: ಆಟದ ‘ಲೈಫ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹಳೇ ವಿಡಿಯೊ ಗೇಮ್‌ಗಳ ಬಗ್ಗೆ ಮಕ್ಕಳಿಗಾಗಿ ಒಂದು ಬರಹ ಬರೆಯುತ್ತಿದ್ದೇನೆ. ಸಲೀಸಾಗಿ ಸಾಗುತ್ತಿದ್ದ ಗಾಡಿ ‘ಲೈಫ್’ ಹತ್ತಿರ ಬಂದು ನಿಂತಿದೆ. ‘ನಂಗಿನ್ನೂ ಎರಡು ಲೈಫ್ ಇದೆ’ ಅನ್ನುತ್ತೇವಲ್ಲ, ಸೋತರೂ ಇನ್ನೆಷ್ಟು ಸಲ ಆಡಬಹುದು ಅನ್ನೋ ಲೆಕ್ಕ, ಆ ಲೈಫ್. ‘ಎರಡು ಜೀವ’ ಎಂದು ಬರೆದು ಓದಿಕೊಂಡೆ. ಯಾರೋ ಬಸುರಿಯ ಸುದ್ದಿ ಹೇಳಿದ ಹಾಗಾಯಿತು. ‘ಪ್ರಾಣ’ ಅಂದರೆ ಏಳು ಸಮುದ್ರದಾಚೆ ಗಿಳಿಯೊಳಗೆ ಪ್ರಾಣ ಬಚ್ಚಿಟ್ಟ ರಾಕ್ಷಸ ನೆನಪಾಗುತ್ತಾನೆ. ‘ಬದುಕು’ ಅಂತೂ ಬೇಡವೇ ಬೇಡ.

ಈ ಲೈಫ್ ಆಟದೊಳಗೆ ಹೇಗೆ ಬಂತು ನೋಡೋಣ ಅಂತ ಸ್ವಲ್ಪ ಹಿಂದಕ್ಕೆ ಹೋದೆ. ಮೊದಮೊದಲು ಲೈಫ್ ಎಣಿಸುವ ಪದ್ಧತಿಯೇ ಇರಲಿಲ್ಲ. ಅಮೆರಿಕದಲ್ಲಿ 1971ರಲ್ಲಿ ಬಂದ ‘ಕಂಪ್ಯೂಟರ್ ಸ್ಪೇಸ್’ ನಾಣ್ಯ ಹಾಕಿ ಆಡುವ ಪೆಟ್ಟಿಗೆ. ಅಲ್ಲಿ ನಾಣ್ಯಕ್ಕೆ ಸಿಗುತ್ತಿದ್ದದ್ದು ಸಮಯ, ಸುಮಾರು ಒಂದೂವರೆ ನಿಮಿಷ. ನಡುವೆ ನಿಮ್ಮ ರಾಕೆಟ್ ಸಿಡಿದರೆ ಇನ್ನೊಂದು ಬರುತ್ತಿತ್ತು, ಅದಕ್ಕೆ ಲೆಕ್ಕವಿಲ್ಲ. ಮರುವರ್ಷ ಅಟಾರಿ ಕಂಪನಿಯವರ ‘ಪಾಂಗ್’ ಬಂತು, ಪರದೆ ಮೇಲೆ ಇಬ್ಬರು ಚೆಂಡು ಹೊಡೆದಾಡುವ ಆಟ. ಅದರಲ್ಲಿ ಸಾಯುವ ಮಾತೇ ಇಲ್ಲ. ಜಾಸ್ತಿ ಅಂಕ ಬೇಕಿದ್ದರೆ ಚೆಂಡು ಬಿಡಬೇಡಿ ಅನ್ನೋದಷ್ಟೇ ಸೂಚನೆ.

ಲೈಫ್‌ನ ಬೇರು ಇರುವುದು ಪಿನ್‌ಬಾಲ್‌ನಲ್ಲಿ ಅಂತ ನನ್ನ ಎಣಿಕೆ. ಇಳಿಜಾರು ಮೇಜಿನ ಪೆಟ್ಟಿಗೆಯಲ್ಲಿ ಲೋಹದ ಗುಂಡನ್ನು ಕೆಳಗೆ ಜಾರದಂತೆ ಚಿಮ್ಮಿಸುವ ಆಟ ಅದು. ಅಲ್ಲಿ ನಾಣ್ಯಕ್ಕೆ ಇಷ್ಟು ಗುಂಡು ಅಂತ ಲೆಕ್ಕ. ಒಂದು ಗುಂಡು ಕೆಳಗೆ ಜಾರಿತೋ, ಇನ್ನೊಂದು ಮೇಲೆ ಬರುತ್ತದೆ. 1976ರ ‘ಬ್ರೇಕ್‌ಔಟ್’ನಲ್ಲೂ ಇದೇ ಲೆಕ್ಕ, ಗುಂಡಿನ ಬದಲು ಪರದೆ ಮೇಲಿನ ಚೆಂಡು. 1978ರಲ್ಲಿ ಜಪಾನಿನ ಟೈಟೊ ಕಂಪನಿಗೆ ಟೊಮೊಹಿರೊ ನಿಶಿಕಾಡೊ ‘ಸ್ಪೇಸ್ ಇನ್‌ವೇಡರ್ಸ್’ ಮಾಡಿದರು. ಸಾಲಿಗೆ 11ರಂತೆ ಐದು ಸಾಲು, ಒಟ್ಟು 55 ಶತ್ರುಗಳು. ಅವರು ಕಡಿಮೆಯಾದಷ್ಟೂ ಉಳಿದವರು ಬೇಗ ಬೇಗ ಬರುತ್ತಾರೆ. ಪರದೆಯಲ್ಲಿ ಬಿಡಿಸಬೇಕಾದ್ದು ಕಡಿಮೆಯಾದಾಗ ಪ್ರೊಸೆಸರ್ ಹಗುರಾಗಿ ಓಡುತ್ತಿತ್ತು. ಅದನ್ನು ಹಾಗೇ ಬಿಟ್ಟರು, ಆಟಕ್ಕೆ ಅದೇ ಕಳೆ ಬಂತು. (ವಿಷಯ ಬಿಟ್ಟು ಹೋದೆ, ಕ್ಷಮಿಸಿ. ಹೇಳದೆ ಇರಲಾಗಲಿಲ್ಲ.)

ಆ ಆಟದ ಕೆಳಗಿನ ಎಡಮೂಲೆ ನೋಡಿ. ಶುರುವಿನಲ್ಲಿ 3 ಎಂಬ ಅಂಕಿ, ಪಕ್ಕದಲ್ಲಿ ನಾವು ಆಡಿಸುವ ಫಿರಂಗಿಯ ಚಿತ್ರ ಎರಡೇ. ಮೂರನೆಯದು ನಿಮ್ಮ ಕೈಯಲ್ಲೇ ಇದೆ! ‘ಎರಡು ಲೈಫ್ ಇದೆ’ ಅಂದಾಗ ಈಗ ಆಡುತ್ತಿರುವುದನ್ನು ಸೇರಿಸಿಯೋ ಬಿಟ್ಟೋ ಅಂತ ನಾವು ಹುಡುಗರು ಕಿತ್ತಾಡುತ್ತಿದ್ದದ್ದು ಸುಮ್ನೆ ಅಲ್ಲ. ಆ ಗೊಂದಲ ಆಗಿನಿಂದಲೂ ಇದೆ.

ಇನ್ನು ‘ಒನ್-ಅಪ್’. 1980ರ ‘ಪ್ಯಾಕ್-ಮ್ಯಾನ್’ ಪರದೆಯ ಮೇಲ್ತುದಿಯಲ್ಲಿ ಈ ಮಾತಿದೆ. ಅಲ್ಲಿ ಅದಕ್ಕೂ ಜೀವಕ್ಕೂ ಸಂಬಂಧವಿಲ್ಲ, ಒಂದನೇ ಆಟಗಾರನ ಸರದಿ ಅಂತ ಅರ್ಥ. ಬೇಸ್‌ಬಾಲ್‌ನಲ್ಲಿ ಬ್ಯಾಟ್ ಹಿಡಿಯುವ ಸರದಿ ಬಂದವನು ‘ಅಪ್’. ಪಿನ್‌ಬಾಲ್ ಪೆಟ್ಟಿಗೆಯ ಮೇಲೂ ಅದೇ ಮಾತು ದೀಪವಾಗಿ ಹೊತ್ತಿಕೊಳ್ಳುತ್ತಿತ್ತು. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ನಲ್ಲಿ ಹಸಿರು ಅಣಬೆ ತಿಂದರೆ ಇದೇ ‘ಒನ್-ಅಪ್’ ಮೇಲೇಳುತ್ತದೆ. ಅಷ್ಟೊತ್ತಿಗೆ ಅರ್ಥ ‘ಇನ್ನೊಂದು ಲೈಫ್’ ಎಂದಾಗಿತ್ತು. ಅಂದರೆ ಲೈಫ್ ಅನ್ನೋದು ಒಳಗೊಳಗೆ ಸರದಿಯೇ, ಅಲ್ವಾ? ಹಾಗಂತ ‘ಎರಡು ಸರದಿ ಉಳಿದಿದೆ’ ಅಂತ ಬರೆದರೆ ರೇಷನ್ ಅಂಗಡಿ ಮುಂದೆ ನಿಂತಂತಾಗುತ್ತದೆ.

ನಿಜವಾದ ತೊಡಕು ಇದಲ್ಲ, ಇನ್ನೊಂದಿದೆ. ತೊಂಬತ್ತರ ದಶಕ. ಪಕ್ಕದ ಮನೆಯಿಂದ ಟಿವಿ ಗೇಮ್ ಎರವಲು ತಂದಿದ್ದೆವು. ಕ್ಯಾಸೆಟ್ ಮೇಲೆ 9999 ಆಟ ಅಂತಿತ್ತು, ಒಳಗಿದ್ದದ್ದು ಐದಾರು. ಚಿತ್ರ ಬರದಿದ್ದರೆ ಕ್ಯಾಸೆಟ್ ಕಿತ್ತು ಉಫ್ ಅಂತ ಊದಿ ಮತ್ತೆ ಹಾಕುವುದು. ‘ಕಾಂಟ್ರಾ’ ಅನ್ನೋ ಗುಂಡು ಹಾರಿಸುವ ಆಟ ಆಡುತ್ತಾ ನಾನು ‘ಅಯ್ಯೋ, ಸತ್ತೆ!’ ಅಂತ ಕಿರುಚಿದೆ. ಅಡುಗೆಮನೆಯಿಂದ ಅಜ್ಜಿ, ‘ಬಿಡ್ತು ಅನ್ನೋ!’ ಅಂದರು. ಬಿಡ್ತು ಅಂದೆ. ಎರಡು ನಿಮಿಷಕ್ಕೆ ಮತ್ತೆ ಸತ್ತೆ, ಮತ್ತೆ ಬಿಡ್ತು. ಯಾವ ಗುಂಡಿ ಆದಮೇಲೆ ಯಾವುದು ಒತ್ತಿದರೆ ಮೂವತ್ತು ಲೈಫ್ ಸಿಗುತ್ತದೆ ಅನ್ನೋ ಗುಟ್ಟು ಕಲಿತ ಮೇಲಂತೂ ಅಜ್ಜಿ ಆ ಕಡೆ ಬರುವುದನ್ನೇ ಬಿಟ್ಟರು.

ಇದೇ ಅಜ್ಜಿ ಸಂಜೆ ಚೌಕಾಬಾರ ಆಡುವಾಗ ನನ್ನ ಕಾಯಿ ಕಡಿದು, ‘ಸತ್ತೋಯ್ತು ನೋಡು ನಿಂದು’ ಅಂತ ನಗುತ್ತಿದ್ದರು. ಆಗ ಬಿಡ್ತು ಗಿಡ್ತು ಏನೂ ಇಲ್ಲ. ಯಾಕೆಂದರೆ ಸತ್ತದ್ದು ಕಾಯಿ, ನಾನಲ್ಲ. ಟಿವಿ ಗೇಮ್‌ನಲ್ಲಿ ಮಾತ್ರ ನಾವು ‘ನನ್ನ ಗೊಂಬೆ ಸತ್ತಿತು’ ಅನ್ನಲಿಲ್ಲ, ‘ನಾನು ಸತ್ತೆ’ ಅಂದೆವು. ಕ್ರಿಯಾಪದದ ಕೊನೆ ಬದಲಾಯಿತು.

ಹಾಗಾಗಿ ನನಗೆ ‘ಕಾಯಿ’ ಮೇಲೆ ಆಸೆ ಹುಟ್ಟಿದೆ. ಕಡಿಸಿಕೊಂಡ ಕಾಯಿ ತನ್ನ ಮನೆಗೆ ಹೋಗಿ ಮೊದಲಿಂದ ಹೊರಡುತ್ತದೆ. ಲೈಫ್ ಹೋದವನೂ ಅಷ್ಟೇ. ‘ಇನ್ನೆರಡು ಕಾಯಿ ಇದೆ’ ಅನ್ನೋದು ಕಿವಿಗೂ ಹಿತವಾಗಿದೆ. ಆದರೆ ಒಂದು ಕೊರತೆ. ಚೌಕಾಬಾರದಲ್ಲಿ ನಾಲ್ಕು ಕಾಯಿಯೂ ಒಟ್ಟಿಗೆ ಮಣೆ ಮೇಲೆ ಇರಬಹುದು, ಎಷ್ಟು ಸಲ ಕಡಿದರೂ ಎಣಿಕೆ ಕಡಿಮೆಯಾಗುವುದಿಲ್ಲ. ಲೈಫ್ ಹಾಗಲ್ಲ, ಹೋದರೆ ಹೋಯಿತು. ಜೊತೆಗೆ ಕಾಯಿ ಗೆದ್ದರೆ ಹಣ್ಣಾಗಬೇಕು. ಗೇಮ್‌ನಲ್ಲಿ ಹಣ್ಣಾಗುವುದು ಆಡುವವನೇ.

ಬಲ್ಲವರಲ್ಲಿ ಎರಡು ಕೇಳಿಕೆ. ಗೋಲಿ, ಬುಗುರಿ, ಲಗೋರಿಯಂಥ ಆಟಗಳಲ್ಲಿ ಔಟಾದವನಿಗೆ ಇನ್ನೊಂದು ಅವಕಾಶ ಕೊಡುವುದಕ್ಕೆ ನಿಮ್ಮ ಕಡೆ ಏನನ್ನುತ್ತಿದ್ದರು? ನಮ್ಮಲ್ಲಿ ಬರೀ ‘ಚಾನ್ಸ್’. ಮತ್ತೆ, ಧಾರವಾಡ, ಕಲಬುರಗಿ, ಮಂಗಳೂರು ಕಡೆಯ ಮಕ್ಕಳು ಟಿವಿ ಗೇಮ್ ಮುಂದೆ ಕೂತು ‘ಸತ್ತೆ’ ಅನ್ನುತ್ತಿದ್ದರೋ, ‘ಔಟಾದೆ’ ಅನ್ನುತ್ತಿದ್ದರೋ, ಬೇರೇನಾದರೂ ಮಾತಿತ್ತೋ? ಅಜ್ಜಿಯ ಬೈಗುಳ ಸಮೇತ ಬರೆದರೆ ಇನ್ನೂ ಒಳ್ಳೆಯದು.